ರಿಪೋರ್ಟಿನಲ್ಲಿ ಅಲ್ಬುಮಿನ್ ಕಡಿಮೆ, ರಾತ್ರಿ ದಿಂಬು ಒದ್ದೆ: ಎರಡಕ್ಕೂ ಏನು ನಂಟು?

ಬೆಳಗ್ಗೆ ಆರೂವರೆಗೆ ಬೆಲ್ ಆಗುತ್ತದೆ. ಲ್ಯಾಬಿನ ಹುಡುಗ ಹೆಲ್ಮೆಟ್ ಪಕ್ಕಕ್ಕಿಟ್ಟು, ಮೂರು ಟ್ಯೂಬ್ ರಕ್ತ ತೆಗೆದುಕೊಂಡು ಹೋಗುತ್ತಾನೆ. ಸಂಜೆಯೊಳಗೆ ವಾಟ್ಸಾಪಿಗೆ ಹದಿನೈದು ಪುಟದ ರಿಪೋರ್ಟ್. ಬೆಂಗಳೂರಿನಲ್ಲಿ ಈಗ 'ಫುಲ್ ಬಾಡಿ ಚೆಕಪ್' ಅಂದರೆ ಇಷ್ಟೇ. ಡಾಕ್ಟರು ನೋಡುವ ಮೊದಲೇ ಮನೆಮಂದಿಯೆಲ್ಲ ನೋಡಿ, ದಪ್ಪಕ್ಷರದಲ್ಲಿ ಏನೇನಿದೆ ಅಂತ ಎಣಿಸಿ ಮುಗಿಸಿರುತ್ತಾರೆ.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಅಂಕಲ್ ಮನೆಯಲ್ಲೂ ಹೀಗೇ ಆಯಿತು. ಐದನೇ ಪುಟದಲ್ಲಿ 'ಅಲ್ಬುಮಿನ್ 3.0' ಅಂತ ದಪ್ಪಗೆ ಇತ್ತು. ಅವರಿಗೆ ಒಂದು ತಿಂಗಳಿಂದ ರಾತ್ರಿ ಬನಿಯನ್ ಒದ್ದೆಯಾಗುತ್ತಿತ್ತು. ಮಗ ಮೊಬೈಲಿನಲ್ಲಿ ಹುಡುಕಿ ಎರಡನ್ನೂ ಗಂಟು ಹಾಕಿದ. "ಅಪ್ಪ, ಬೆವರಲ್ಲಿ ಪ್ರೋಟೀನ್ ಹೋಗ್ತಾ ಇದೆ, ಅದಕ್ಕೇ ಕಡಿಮೆ." ಮಾರನೇ ದಿನದಿಂದ ದಿನಕ್ಕೆ ಆರು ಮೊಟ್ಟೆಯ ಬಿಳಿ ಶುರು.

ಮಗನ ಲೆಕ್ಕ ತಪ್ಪು. ಬೆವರು ಬಹುಪಾಲು ನೀರು ಮತ್ತು ಉಪ್ಪು. ಅದರಲ್ಲಿ ಹೋಗುವ ಪ್ರೋಟೀನಿನಿಂದ ರಕ್ತದ ಅಲ್ಬುಮಿನ್ ಇಳಿಯುವುದಿಲ್ಲ. ಆದರೆ ಇವೆರಡಕ್ಕೂ ಏನೋ ಸಂಬಂಧ ಇರಬೇಕು ಅನ್ನುವ ಅವನ ಅನುಮಾನ ಮಾತ್ರ ಸರಿಯಾಗಿತ್ತು.

ಅಲ್ಬುಮಿನ್ ಮಾಡುವ ಕೆಲಸ

ರಕ್ತದಿಂದ ಕಣಗಳನ್ನೆಲ್ಲ ತೆಗೆದರೆ ಉಳಿಯುವುದು ತಿಳಿ ಹಳದಿ ಬಣ್ಣದ ನೀರು. ಅದರ ಹೆಸರು ಪ್ಲಾಸ್ಮಾ. ಅದರಲ್ಲಿರುವ ಪ್ರೋಟೀನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಬುಮಿನ್ ಒಂದೇ. ಇದನ್ನು ಲಿವರ್ ತಯಾರಿಸುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 10ರಿಂದ 15 ಗ್ರಾಂ. ಅದಕ್ಕೇ ರಿಪೋರ್ಟಿನಲ್ಲಿ ಇದನ್ನು ಲಿವರ್ ಪರೀಕ್ಷೆಗಳ ಸಾಲಿನಲ್ಲಿ ಇಟ್ಟಿರುತ್ತಾರೆ. ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಗೆ, 3.5ರಿಂದ 5 ಗ್ರಾಂ ಇದ್ದರೆ ಸಾಮಾನ್ಯ.

ಇದರ ಮುಖ್ಯ ಕೆಲಸ ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು. ಉಪ್ಪಿನಕಾಯಿಗೆ ಮಾವಿನ ಹೋಳು ಹೆಚ್ಚಿ ಉಪ್ಪು ಹಾಕಿಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುತ್ತದೆ, ಅಲ್ವಾ? ಹೊರಗಿನ ಉಪ್ಪು ಹೋಳಿನೊಳಗಿನ ನೀರನ್ನು ಎಳೆದುಕೊಂಡಿರುತ್ತದೆ. ರಕ್ತನಾಳದೊಳಗೆ ಅಲ್ಬುಮಿನ್ ಹೆಚ್ಚುಕಡಿಮೆ ಆ ಉಪ್ಪಿನ ಹಾಗೆ. ಸುತ್ತಲಿನ ಮಾಂಸಖಂಡಗಳ ಕಡೆಯಿಂದ ನೀರನ್ನು ತನ್ನ ಕಡೆ ಎಳೆದು ಇಟ್ಟುಕೊಳ್ಳುತ್ತದೆ. ಅದು ತೀರಾ ಕಡಿಮೆಯಾದಾಗ ನೀರು ನಾಳದಿಂದ ಹೊರಗೆ ಉಳಿದುಬಿಡುತ್ತದೆ. ಪಾದ ಊದುತ್ತದೆ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ಕೆಲವರಿಗೆ ಹೊಟ್ಟೆಯಲ್ಲೂ ನೀರು ತುಂಬುತ್ತದೆ.

ಇನ್ನೊಂದು ಕೆಲಸ ಸಾಗಣೆ. ಬಿಲಿರುಬಿನ್, ಕೊಬ್ಬಿನ ಅಂಶ, ಕ್ಯಾಲ್ಸಿಯಂ, ನಾವು ನುಂಗುವ ಎಷ್ಟೋ ಮಾತ್ರೆಗಳ ಅಂಶ ಇವೆಲ್ಲ ಅಲ್ಬುಮಿನ್ ಹಿಡಿದುಕೊಂಡೇ ರಕ್ತದಲ್ಲಿ ಓಡಾಡುತ್ತವೆ. ಹಾಗಾಗಿ ಅಲ್ಬುಮಿನ್ ಕಡಿಮೆ ಇದ್ದವರ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಕೂಡ ಕಡಿಮೆ ಎಂದು ಬರುವುದುಂಟು. ಬಸ್ಸೇ ಕಡಿಮೆಯಾದರೆ ಅದರಲ್ಲಿ ಕೂತವರ ಎಣಿಕೆಯೂ ಕಡಿಮೆ. ಅದನ್ನು ನೋಡಿ ಸುಮ್ನೆ ಕ್ಯಾಲ್ಸಿಯಂ ಮಾತ್ರೆ ನುಂಗಬೇಕಾಗಿಲ್ಲ. ಡಾಕ್ಟರು ಅಲ್ಬುಮಿನ್ ಲೆಕ್ಕ ಸೇರಿಸಿ ಅದನ್ನು ಸರಿ ಮಾಡಿ ಓದುತ್ತಾರೆ.

ಗಮನಿಸಿ, ಈ ಕೆಲಸಗಳಲ್ಲಿ ಬೆವರಿನ ಮಾತೇ ಬರಲಿಲ್ಲ. ಬೆವರಿನ ಗ್ರಂಥಿಗಳನ್ನು ತೆರೆಯುವ, ಮುಚ್ಚುವ ಕೆಲಸ ಅಲ್ಬುಮಿನ್‌ನದ್ದಲ್ಲ.

ಯಾಕೆ ಕಡಿಮೆಯಾಗುತ್ತದೆ

ಮೊದಲನೆಯದು, ಲಿವರ್ ತಯಾರಿಸದೇ ಇರುವುದು. ಸಿರೋಸಿಸ್ ಆಗಿ ಲಿವರ್ ಗಟ್ಟಿಯಾದವರಲ್ಲಿ ಹೀಗಾಗುತ್ತದೆ. ಎರಡನೆಯದು ಸೋರಿಕೆ. ಕಿಡ್ನಿಯ ಜರಡಿ ಹಾಳಾದರೆ ಅಲ್ಬುಮಿನ್ ಮೂತ್ರದಲ್ಲಿ ಹೋಗುತ್ತದೆ. ಮೂತ್ರದಲ್ಲಿ ಸೋಪಿನ ಹಾಗೆ ನೊರೆ ನಿಲ್ಲುವುದು ಇದರ ಒಂದು ಗುರುತು. ಕರುಳಿನ ಕೆಲವು ಕಾಯಿಲೆಗಳಲ್ಲಿ ಕರುಳಿನಿಂದಲೂ ಸೋರುತ್ತದೆ. ಗರ್ಭಿಣಿಯರಲ್ಲಿ ಮತ್ತು ಆಸ್ಪತ್ರೆಯಲ್ಲಿ ಜಾಸ್ತಿ ಡ್ರಿಪ್ ಹಾಕಿಸಿಕೊಂಡವರಲ್ಲಿ ರಕ್ತದ ನೀರು ಹೆಚ್ಚಾಗಿ ಸಂಖ್ಯೆ ಇಳಿಯುತ್ತದೆ. ಅದು ಸಾರಿಗೆ ನೀರು ಬೆರೆಸಿದ ಹಾಗೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ, ಅದೇ ಉರಿಯೂತ. ಸೋಂಕು, ಗೆಡ್ಡೆ, ಅಥವಾ ದೇಹದ ರಕ್ಷಣಾ ಪಡೆ ತನ್ನ ಮೇಲೆಯೇ ತಿರುಗಿಬಿದ್ದ ಕಾಯಿಲೆ, ಯಾವುದೇ ಇರಲಿ, ದೇಹ ಒಳಗೆ ಹೋರಾಡುತ್ತಿರುವ ಸ್ಥಿತಿ ಇದು. ಈ ಹೊತ್ತಿನಲ್ಲಿ ಲಿವರ್ ತನ್ನ ಅಡುಗೆಯನ್ನೇ ಬದಲಿಸಿಬಿಡುತ್ತದೆ. ಮನೆಯಲ್ಲಿ ಯಾರಾದರೂ ಮಲಗಿದರೆ ಒಲೆಯ ಮೇಲಿನ ಹುಳಿ, ಪಲ್ಯ ಇಳಿಸಿ ಗಂಜಿ, ಕಷಾಯ ಏರಿಸುತ್ತೇವಲ್ಲ, ಹಾಗೆ. ಒಲೆ ಇರುವುದು ಅಷ್ಟೇ. ಅಲ್ಬುಮಿನ್ ತಯಾರಿಕೆ ಹಿಂದೆ ಸರಿದು, ಸಿಆರ್‌ಪಿ, ಫೆರಿಟಿನ್, ಫೈಬ್ರಿನೋಜನ್ ಎಂಬ ತುರ್ತಿನ ಪ್ರೋಟೀನುಗಳು ಮುಂದೆ ಬರುತ್ತವೆ. ಜೊತೆಗೆ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ಅಲ್ಬುಮಿನ್ ಹೊರಗೆ ಜಾರುತ್ತದೆ.

ಈ ಜಾರುವುದು ಯಾಕೆ ಮುಖ್ಯ ಅಂದರೆ, ಅಲ್ಬುಮಿನ್‌ಗೆ ಆಯುಸ್ಸು ಜಾಸ್ತಿ. ರಕ್ತದಲ್ಲಿರುವುದರ ಅರ್ಧ ಭಾಗ ಕಳೆಯಲು ಸುಮಾರು ಮೂರು ವಾರ ಬೇಕು. ತಯಾರಿಕೆ ಮಾತ್ರ ನಿಂತರೆ ಎರಡು ದಿನದಲ್ಲಿ ಇಷ್ಟೊಂದು ಇಳಿಯುವುದಿಲ್ಲ. ಆದರೂ ಜೋರು ಸೋಂಕಿನಲ್ಲಿ ದಿನಗಳಲ್ಲೇ ಇಳಿಯುತ್ತದೆ. ತೀವ್ರ ಡೆಂಗಿಯಲ್ಲಿ ಅಲ್ಬುಮಿನ್ ಕುಸಿಯುವುದಕ್ಕೂ ಪ್ಲಾಸ್ಮಾ ಸೋರಿಕೆಯೇ ಕಾರಣ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ ಆ ಮಳೆಗಾಲದಲ್ಲಿ ಬೆಂಗಳೂರಿನ ಮನೆಮನೆಯಲ್ಲೂ ಪ್ಲೇಟ್‌ಲೆಟ್ ಲೆಕ್ಕವೇ ಮಾತಾಗಿತ್ತು. ವಾರ್ಡಿನ ಡಾಕ್ಟರುಗಳ ಕಣ್ಣು ಈ ಸೋರಿಕೆಯ ಮೇಲೂ ಇರುತ್ತದೆ.

ಯಾವುದು ರಾತ್ರಿ ಬೆವರು, ಯಾವುದು ಬರೀ ಸೆಕೆ

ಏಪ್ರಿಲ್‌ನಲ್ಲಿ, ಶೀಟಿನ ಮನೆಯಲ್ಲಿ, ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿ ಮಲಗಿದರೆ ಯಾರಾದರೂ ಬೆವರುತ್ತಾರೆ. ಅದು ಕಾಯಿಲೆಯಲ್ಲ. ಡಾಕ್ಟರು 'ರಾತ್ರಿ ಬೆವರು' ಎನ್ನುವುದು ಬೇರೆ. ಕೋಣೆ ತಂಪಾಗಿರುತ್ತದೆ, ಪಕ್ಕದಲ್ಲಿ ಮಲಗಿದವರು ರಗ್ಗು ಹೊದ್ದಿರುತ್ತಾರೆ. ನೀವು ಮಾತ್ರ ಬಟ್ಟೆ ಬದಲಿಸಬೇಕು, ದಿಂಬಿನ ಕವರ್ ತೆಗೆಯಬೇಕು ಅನ್ನುವಷ್ಟು ತೊಯ್ದಿರುತ್ತೀರಿ. ಅದೂ ಒಂದು ದಿನವಲ್ಲ, ಮತ್ತೆ ಮತ್ತೆ.

ಇದು ರಾತ್ರಿಯೇ ಯಾಕೆ? ಮಿದುಳಿನಲ್ಲಿ ಹೈಪೊಥಲಮಸ್ ಎಂಬ ಸಣ್ಣ ಭಾಗವಿದೆ. ಗೀಸರಿನ ಥರ್ಮೋಸ್ಟಾಟ್ ಇದ್ದ ಹಾಗೆ, ದೇಹದ ಬಿಸಿಯನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುವುದು ಅದರ ಕೆಲಸ. ಸೋಂಕು ಬಂದಾಗ ಆ ಗುಂಡಿಯನ್ನು ಯಾರೋ 39ಕ್ಕೆ ತಿರುಗಿಸುತ್ತಾರೆ ಅಂದುಕೊಳ್ಳಿ. ದೇಹ ಇನ್ನೂ 37ರಲ್ಲೇ ಇದೆ, ಗುರಿ ಮಾತ್ರ 39. ಹಾಗಾಗಿ ಚಳಿಯಾಗುತ್ತದೆ, ನಡುಕ ಬರುತ್ತದೆ, ಜ್ವರ ಏರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಗುಂಡಿ ಮತ್ತೆ 37ಕ್ಕೆ ಬರುತ್ತದೆ. ಈಗ ದೇಹದಲ್ಲಿ ಎರಡು ಡಿಗ್ರಿ ಬಿಸಿ ಮಿಕ್ಕಿದೆ. ಅದನ್ನು ಹೊರಹಾಕುವ ದಾರಿ ಬೆವರು.

ಆರೋಗ್ಯವಾಗಿರುವವರ ಮೈಬಿಸಿಯೂ ದಿನವಿಡೀ ಒಂದೇ ಇರುವುದಿಲ್ಲ. ಸಂಜೆ ಏರಿ, ಬೆಳಗಿನ ಜಾವ ನಾಲ್ಕೈದು ಗಂಟೆಯ ಹೊತ್ತಿಗೆ ಅತಿ ಕಡಿಮೆಗೆ ಇಳಿಯುತ್ತದೆ. ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಕಾರ್ಟಿಸೋಲ್ ಹಾರ್ಮೋನ್ ಮಧ್ಯರಾತ್ರಿಯ ಆಸುಪಾಸು ತೀರಾ ಕಡಿಮೆ ಇರುತ್ತದೆ. ಈ ಏರಿಳಿತದ ಮೇಲೆ ಸಣ್ಣ ಜ್ವರ ಕೂತರೆ ಸಂಜೆ ಮೈ ಬೆಚ್ಚಗಾಗಿ, ರಾತ್ರಿ ಬಿಡುವಾಗ ಬೆವರಾಗಿ ಹರಿಯುತ್ತದೆ. ಎಷ್ಟೋ ಜನಕ್ಕೆ ಸಂಜೆಯ ಜ್ವರ ಗೊತ್ತೇ ಆಗಿರುವುದಿಲ್ಲ. 'ಆಫೀಸಿನ ಸುಸ್ತು, ಟ್ರಾಫಿಕ್' ಅಂದುಕೊಂಡು ಮಲಗುತ್ತಾರೆ. ಅವರ ಕಣ್ಣಿಗೆ ಬೀಳುವುದು ಒದ್ದೆ ಬನಿಯನ್ ಮಾತ್ರ.

ಲಿಫ್ಟು ಮತ್ತು ನೀರಿನ ಮೋಟರು

ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದರೆ ಲಿಫ್ಟ್ ನಿಲ್ಲುತ್ತದೆ. ಬೋರ್‌ವೆಲ್ ಮೋಟರೂ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ನಲ್ಲಿಯಲ್ಲಿ ನೀರೂ ನಿಲ್ಲುತ್ತದೆ. ನೀರು ನಿಂತದ್ದಕ್ಕೇ ಲಿಫ್ಟ್ ಕೆಟ್ಟಿತು ಅಂತ ಯಾರೂ ಹೇಳುವುದಿಲ್ಲ. ಎರಡರ ಹಿಂದೆಯೂ ಒಂದೇ ಫ್ಯೂಸ್.

ಅಲ್ಬುಮಿನ್ ಮತ್ತು ರಾತ್ರಿ ಬೆವರಿನ ನಂಟು ಇಂಥದ್ದೇ. ಹೋರಾಟದಲ್ಲಿರುವ ರಕ್ಷಣಾ ಕಣಗಳು ರಕ್ತದ ಮೂಲಕ ರಾಸಾಯನಿಕ ಸಂದೇಶ ಕಳಿಸುತ್ತವೆ. ಅವುಗಳಲ್ಲಿ ಮುಖ್ಯವಾದ ಒಂದರ ಹೆಸರು ಇಂಟರ್‌ಲ್ಯೂಕಿನ್-6, ಚುಟುಕಾಗಿ ಐಎಲ್-6. ಈ ಸಂದೇಶ ಲಿವರಿಗೆ ತಲುಪಿದರೆ ಅಲ್ಬುಮಿನ್ ಒಲೆ ಆರುತ್ತದೆ, ಸಿಆರ್‌ಪಿ ಒಲೆ ಹೊತ್ತಿಕೊಳ್ಳುತ್ತದೆ. ಅದೇ ಸಂದೇಶ ತನ್ನ ಜೊತೆಗಾರರೊಂದಿಗೆ ಮಿದುಳಿಗೆ ತಲುಪಿದರೆ ಥರ್ಮೋಸ್ಟಾಟ್ ಏರುತ್ತದೆ. ಒಂದೇ ಪತ್ರ, ಎರಡು ವಿಳಾಸ.

ಇದು ಬರೀ ಊಹೆ ಅಲ್ಲ ಎನ್ನುವುದಕ್ಕೆ ಒಂದು ಅಪರೂಪದ ಕಾಯಿಲೆ ಸಾಕ್ಷಿಯಾಗಿದೆ. ಐಎಲ್-6ರ ಜೀನನ್ನು ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ತದಮಿತ್ಸು ಕಿಶಿಮೊಟೊ, ತೊಶಿಯೊ ಹಿರಾನೊ ಮತ್ತು ಜೊತೆಗಾರರು 1986ರಲ್ಲಿ ಗುರುತಿಸಿದರು. ಕ್ಯಾಸಲ್‌ಮನ್ ಎಂಬುದು ಹಾಲ್ರಸ ಗ್ರಂಥಿಗಳ, ಅಂದರೆ ಕುತ್ತಿಗೆ, ಕಂಕುಳು ಮುಂತಾದೆಡೆ ಇರುವ ಲಿಂಫ್ ಗ್ರಂಥಿಗಳ ಕಾಯಿಲೆ. ಅದರ ಒಂದು ಬಗೆಯಲ್ಲಿ ಈ ಐಎಲ್-6 ವಿಪರೀತ ಉತ್ಪತ್ತಿಯಾಗುತ್ತದೆ. ಅಂಥ ರೋಗಿಗಳಿಗೆ ಜ್ವರ, ರಾತ್ರಿ ಬೆವರು, ಸುಸ್ತು ಇರುತ್ತದೆ. ರಕ್ತದಲ್ಲಿ ಸಿಆರ್‌ಪಿ ಜಾಸ್ತಿ, ಅಲ್ಬುಮಿನ್ ಕಡಿಮೆ. ಐಎಲ್-6ರ ದಾರಿಯನ್ನು ಮುಚ್ಚುವ ಟೊಸಿಲಿಜುಮ್ಯಾಬ್ ಎಂಬ ಔಷಧಿಗೆ ಜಪಾನ್ 2005ರಲ್ಲಿ ಈ ಕಾಯಿಲೆಗಾಗಿಯೇ ಅನುಮತಿ ಕೊಟ್ಟಿತು. ಔಷಧಿ ಕೊಟ್ಟಾಗ ಜ್ವರ ಇಳಿಯಿತು, ಸಿಆರ್‌ಪಿ ಬಿತ್ತು, ಅಲ್ಬುಮಿನ್ ತಾನಾಗಿ ಏರಿತು. ಅಲ್ಬುಮಿನ್ ಏರಿಸುವ ಔಷಧಿಯನ್ನೇನೂ ಅವರಿಗೆ ಕೊಟ್ಟಿರಲಿಲ್ಲ. ನನಗಂತೂ ಈ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮನಸ್ಸಿಗೆ ನಾಟಿದ ಪುರಾವೆ ಇದು.

ಆ ಫ್ಯೂಸ್ ಯಾವುದಿರಬಹುದು

ನಮ್ಮ ದೇಶದಲ್ಲಿ ಈ ಜೋಡಿ ಕಂಡಾಗ ಮೊದಲು ನೆನಪಾಗುವುದು ಟಿಬಿ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದರ ಹಳೆಯ ಗುರುತುಗಳು. ಆದರೆ ಟಿಬಿ ಶ್ವಾಸಕೋಶಕ್ಕೇ ಬರಬೇಕೆಂದಿಲ್ಲ. ಕುತ್ತಿಗೆಯ ಗಂಟು, ಬೆನ್ನುಮೂಳೆ, ಕರುಳು ಎಲ್ಲಿಗಾದರೂ ಬರಬಹುದು, ಆಗ ಕೆಮ್ಮು ಇಲ್ಲದೆಯೂ ಇರಬಹುದು. 'ಕೆಮ್ಮಿಲ್ಲ, ಹಾಗಾಗಿ ಟಿಬಿ ಇಲ್ಲ' ಅನ್ನುವ ತೀರ್ಮಾನಕ್ಕೆ ಎಷ್ಟೋ ಜನ ತಿಂಗಳುಗಟ್ಟಲೆ ಬೆಲೆ ತೆರುತ್ತಾರೆ.

ಲಿಂಫೋಮಾ ಇನ್ನೊಂದು. ಇದು ಹಾಲ್ರಸ ಗ್ರಂಥಿಗಳ ಕ್ಯಾನ್ಸರ್. 38 ಡಿಗ್ರಿ ದಾಟುವ ಜ್ವರ, ತೊಯ್ಯುವಂಥ ಬೆವರು, ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುವುದು, ಈ ಮೂರಕ್ಕೂ ಸೇರಿಸಿ ಡಾಕ್ಟರುಗಳು 'ಬಿ ಲಕ್ಷಣ' ಎನ್ನುತ್ತಾರೆ. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಕಾಯಿಲೆ ಎಷ್ಟು ಗಂಭೀರ ಎಂದು ಅಳೆಯುವ ಏಳು ಅಂಶಗಳಲ್ಲಿ ಅಲ್ಬುಮಿನ್ 4ಕ್ಕಿಂತ ಕಡಿಮೆ ಇರುವುದೂ ಒಂದು.

ಎಚ್‌ಐವಿ, ಹೃದಯದ ಕವಾಟದ ಸೋಂಕು, ಸಂಧಿವಾತ, ಕರುಳಿನ ಕ್ರೋನ್ಸ್ ಕಾಯಿಲೆಗಳಲ್ಲೂ ಈ ಜೋಡಿ ಬರಬಹುದು. ದನ, ಕುರಿ ಸಾಕುವವರಲ್ಲಿ ಮತ್ತು ಹಸಿ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲೋಸಿಸ್ ಎಂಬ ಸೋಂಕೂ ಹೀಗೇ ಬೆವರಿಳಿಸುತ್ತದೆ. ಊರಿಗೆ ಹೋಗಿ ಬಂದಿರಾ, ಮನೆಯಲ್ಲಿ ಹಸು ಇದೆಯಾ ಅಂತ ಡಾಕ್ಟರು ಕೇಳಿದರೆ ಅದು ಉಭಯಕುಶಲೋಪರಿ ಮಾತ್ರ ಆಗಿರುವುದಿಲ್ಲ.

ಎರಡೂ ಇದ್ದು, ದಾರಿ ಬೇರೆ ಬೇರೆ

ಎಲ್ಲರಲ್ಲೂ ಹಿಂದೆ ಒಂದೇ ಫ್ಯೂಸ್ ಇರುವುದಿಲ್ಲ. ಸಕ್ಕರೆ ಕಾಯಿಲೆಯವರನ್ನು ನೋಡಿ. ಅವರ ಕಿಡ್ನಿಯಿಂದ ವರ್ಷಗಟ್ಟಲೆ ಅಲ್ಬುಮಿನ್ ಸೋರಿ ರಕ್ತದಲ್ಲಿ ಕಡಿಮೆಯಾಗಿರಬಹುದು. ಕಿಡ್ನಿ ಸೋತಾಗ ಇನ್ಸುಲಿನ್, ಗ್ಲಿಮಿಪಿರೈಡ್ ತರಹದ ಔಷಧಿಗಳು ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ರಾತ್ರಿ ಮೂರಕ್ಕೆ ಶುಗರ್ 70ಕ್ಕಿಂತ ಕೆಳಗೆ ಇಳಿದರೆ ದೇಹ ಗಾಬರಿಯಾಗಿ ಅಡ್ರಿನಲಿನ್ ಸುರಿಸುತ್ತದೆ. ತಣ್ಣನೆ ಬೆವರು, ಎದೆ ಡವಡವ, ಕೆಟ್ಟ ಕನಸು. ಇಲ್ಲಿ ಬೆವರು ಜ್ವರದ್ದಲ್ಲ. ಗ್ಲುಕೋಮೀಟರ್ ಮನೆಯಲ್ಲಿದ್ದರೆ ಬೆವರಿದಾಗಲೇ ಒಂದು ಹನಿ ನೋಡಿ ಬರೆದಿಡಬಹುದು. ಕಡಿಮೆ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿದು, ಬೆಳಗ್ಗೆ ಡಾಕ್ಟರಿಗೆ ಹೇಳಬೇಕು.

ಸಿರೋಸಿಸ್ ಇರುವವರಲ್ಲಿ ಲಿವರಿನ ಸಕ್ಕರೆ ದಾಸ್ತಾನು ಕಡಿಮೆಯಾಗಿ ಹೀಗಾಗಬಹುದು, ಇಲ್ಲವೇ ಹೊಟ್ಟೆಯಲ್ಲಿ ತುಂಬಿದ ನೀರಿಗೇ ಸೋಂಕು ತಗುಲಿರಬಹುದು. ಹೊಟ್ಟೆಯ ನೀರಿನ ಸೋಂಕಿಗೆ ಆಸ್ಪತ್ರೆಗೇ ಹೋಗಬೇಕು, ಮರುದಿನಕ್ಕೆ ತಳ್ಳುವ ವಿಷಯ ಅಲ್ಲ.

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ರಾತ್ರಿ ಬೆವರು ಬೇರೆಯೇ ಕತೆ. ಹಾರ್ಮೋನ್ ಇಳಿದು ಥರ್ಮೋಸ್ಟಾಟ್ ಸೂಕ್ಷ್ಮವಾಗಿರುತ್ತದೆ. ಅದರಿಂದ ಅಲ್ಬುಮಿನ್ ಇಳಿಯುವುದಿಲ್ಲ. ಥೈರಾಯ್ಡ್ ಜಾಸ್ತಿಯಾದಾಗ, ಖಿನ್ನತೆಯ ಕೆಲವು ಮಾತ್ರೆಗಳಿಂದ, ಗೊರಕೆಯಲ್ಲಿ ಉಸಿರು ನಿಲ್ಲುವವರಲ್ಲಿಯೂ ರಾತ್ರಿ ಬೆವರುವುದುಂಟು. ತಿರುಗಿಸಿ ನೋಡಿದರೆ, ಕಿಡ್ನಿಯಿಂದ ಅಲ್ಬುಮಿನ್ ಸೋರಿ ಮುಖ, ಕಾಲು ಊದಿಕೊಂಡವರಲ್ಲಿ ಎಷ್ಟೋ ಜನ ರಾತ್ರಿ ಬೆವರುವುದೇ ಇಲ್ಲ.

ಮೊಟ್ಟೆಯ ಬಿಳಿ ಏನು ಮಾಡುತ್ತದೆ

ಹೆಸರಿನಿಂದಲೇ ಈ ಗೊಂದಲ ಶುರುವಾಗಿದೆ. ಲ್ಯಾಟಿನ್‌ನಲ್ಲಿ ಆಲ್ಬಸ್ ಎಂದರೆ ಬಿಳಿ. ಮೊಟ್ಟೆಯ ಬಿಳಿಗೂ ಇದೇ ಮೂಲದ ಹೆಸರು. ಆದರೆ ಮೊಟ್ಟೆಯಲ್ಲಿರುವುದು ಬೇರೆ ಪ್ರೋಟೀನ್. ತಿಂದಮೇಲೆ ಅದು ಹೊಟ್ಟೆಯಲ್ಲಿ ಚೂರುಚೂರಾಗಿ ಅಮೈನೋ ಆಮ್ಲವಾಗುತ್ತದೆ, ತೊಗರಿಬೇಳೆಯ ಪ್ರೋಟೀನಿಗೆ ಆಗುವ ಗತಿಯೇ ಅದಕ್ಕೂ. ಆ ಸಾಮಾನು ತಂದುಕೊಟ್ಟರೂ, ಲಿವರಿಗೆ 'ಅಲ್ಬುಮಿನ್ ಬೇಡ, ಸಿಆರ್‌ಪಿ ಮಾಡು' ಎಂಬ ಸಂದೇಶ ಬರುತ್ತಿರುವ ತನಕ ಅದು ಅಡುಗೆ ಬದಲಿಸುವುದಿಲ್ಲ. ಊಟ ಬಿಟ್ಟು ಎಲುಬು ಕಾಣುವಷ್ಟು ಸೊರಗಿದವರಲ್ಲೂ, ಉರಿಯೂತ ಇಲ್ಲದಿದ್ದರೆ, ಅಲ್ಬುಮಿನ್ ಎಷ್ಟೋ ಸಲ ಸಾಮಾನ್ಯವಾಗಿಯೇ ಇರುತ್ತದೆ. ಹಾಗಾಗಿ ಈ ಸಂಖ್ಯೆಯನ್ನು ಊಟದ ಅಳತೆಗೋಲು ಅಂತ ಓದುವ ಅಭ್ಯಾಸವನ್ನು ವೈದ್ಯಲೋಕ ಬಿಡುತ್ತಾ ಬಂದಿದೆ.

ಇದರರ್ಥ ಊಟ ಮುಖ್ಯವಲ್ಲ ಅಂತಲ್ಲ. ಟಿಬಿಯಲ್ಲಂತೂ ಬಹಳ ಮುಖ್ಯ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ತಂಡದವರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ಅಕ್ಕಿ, ಬೇಳೆ, ವಿಟಮಿನ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು 39 ಶೇಕಡಾ ಕಡಿಮೆಯಾಯಿತು. ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಗೆ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ತಿನ್ನುವುದು ತೂಕಕ್ಕೆ, ಶಕ್ತಿಗೆ, ಕಾಯಿಲೆ ಎದುರಿಸುವುದಕ್ಕೆ. ರಿಪೋರ್ಟಿನ ಒಂದು ಸಂಖ್ಯೆ ಏರಿಸುವುದಕ್ಕಲ್ಲ.

ಇನ್ನು ಅಲ್ಬುಮಿನ್ ಡ್ರಿಪ್. 'ದುಡ್ಡು ಹೋದರೆ ಹೋಗಲಿ, ಹಾಕಿಸಿಬಿಡಿ' ಅನ್ನುವವರಿದ್ದಾರೆ. ಸಿರೋಸಿಸ್‌ನಲ್ಲಿ ಹೊಟ್ಟೆಯಿಂದ ಲೀಟರುಗಟ್ಟಲೆ ನೀರು ತೆಗೆಯುವಾಗ, ಆ ನೀರಿಗೆ ಸೋಂಕಾದಾಗ, ಹೀಗೆ ಕೆಲವೇ ಸಂದರ್ಭಗಳಲ್ಲಿ ಅದರಿಂದ ನಿಜವಾದ ಉಪಯೋಗ ಇದೆ. ಉಳಿದಂತೆ ಮೂಲ ಕಾರಣ ಹಾಗೇ ಇದ್ದರೆ, ಹಾಕಿದ್ದು ಮತ್ತೆ ಜಾರಿಹೋಗುತ್ತದೆ.

ಡಾಕ್ಟರ ಮುಂದೆ ಕೂತಾಗ

ಅಲ್ಬುಮಿನ್ 3.4 ಬಂದಿದೆ, ಬೇರೇನೂ ತೊಂದರೆ ಇಲ್ಲ ಅಂದರೆ ಗಾಬರಿ ಬೇಡ. ಲ್ಯಾಬ್ ಬಳಸುವ ವಿಧಾನ, ರಕ್ತ ಕೊಡುವಾಗ ಮಲಗಿದ್ದಿರಾ, ಕೂತಿದ್ದಿರಾ ಇವುಗಳಿಂದಲೂ ಸ್ವಲ್ಪ ಏರುಪೇರಾಗುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿದರೆ ಸಾಕು ಎಂದು ಡಾಕ್ಟರು ಹೇಳಬಹುದು. ಅಲ್ಬುಮಿನ್ ಕಡಿಮೆ, ಜೊತೆಗೆ ತೊಯ್ಯುವಂಥ ಬೆವರು, ತೂಕ ಇಳಿಕೆ, ಜ್ವರ, ಎಲ್ಲಾದರೂ ಗಂಟು ಇವುಗಳಲ್ಲಿ ಒಂದಿದ್ದರೂ ಕಾಯುತ್ತಾ ಕೂರಬಾರದು.

ಡಾಕ್ಟರನ್ನು ನೋಡುವ ತನಕ ಸಿಗುವ ದಿನಗಳಲ್ಲಿ ಸಂಜೆ ಐದರಿಂದ ಎಂಟರೊಳಗೆ ಥರ್ಮಾಮೀಟರ್ ಇಟ್ಟು ಬರೆದುಕೊಂಡರೆ ಅದೇ ಅರ್ಧ ಪರೀಕ್ಷೆ. ಆಮೇಲೆ ಸಾಮಾನ್ಯವಾಗಿ ಮಾಡಿಸುವುದು ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಶುಗರ್, ಥೈರಾಯ್ಡ್, ಎಚ್‌ಐವಿ, ಎದೆಯ ಎಕ್ಸ್-ರೇ. ಸಿಆರ್‌ಪಿ ಏರಿದ್ದು ಅಲ್ಬುಮಿನ್ ಇಳಿದಿದ್ದರೆ ಉರಿಯೂತದ ಕಡೆ ಬೆರಳು ತೋರಿಸುತ್ತದೆ. ಸಿಆರ್‌ಪಿ ಸರಿಯಿದ್ದು ಮೂತ್ರದಲ್ಲಿ ಪ್ರೋಟೀನ್ ಸಿಕ್ಕರೆ ಕಿಡ್ನಿಯ ಕಡೆ. ಮೂತ್ರ ಪರೀಕ್ಷೆ ಬಹಳ ಅಗ್ಗ, ಆದರೆ ಜನ ಬಿಟ್ಟುಬಿಡುವುದೂ ಅದನ್ನೇ. ಕಫದ ಟಿಬಿ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬೆಂಗಳೂರಿನಲ್ಲಿ ಎದೆರೋಗಕ್ಕೆಂದೇ ಹೊಸೂರು ರಸ್ತೆಯ ಬಳಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಕ್ಯಾನ್ಸರ್ ಅನುಮಾನ ಇದ್ದರೆ ಹೊಸೂರು ರಸ್ತೆಯಲ್ಲೇ ಕಿದ್ವಾಯಿ ಆಸ್ಪತ್ರೆಯೂ ಇದೆ.

ಮೂರನೇ ಮಹಡಿಯ ಅಂಕಲ್ ಕೊನೆಗೆ ಹೋದರು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ಡಾಕ್ಟರು ಮೊದಲು ರಾತ್ರಿ ಮೂರರ ಶುಗರ್ ನೋಡಲು ಹೇಳಿದರು. 142. ಸರಿ, ಅದಲ್ಲ. ಆಮೇಲೆ ಬೆಲ್ಟ್ ನೋಡಿದರು. ಅಂಕಲ್ ತಾವೇ ಮೊಳೆಯಲ್ಲಿ ಹೊಡೆದುಕೊಂಡಿದ್ದ ಎರಡು ಹೊಸ ತೂತುಗಳಿದ್ದವು, ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಎಕ್ಸ್-ರೇಯಲ್ಲಿ ಬಲಗಡೆ ಮೇಲೆ ನೆರಳು, ಕಫದಲ್ಲಿ ಟಿಬಿ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಂಭವ ಎರಡು ಮೂರು ಪಟ್ಟು ಜಾಸ್ತಿ ಅಂತ ಅವರಿಗೆ ಆವತ್ತೇ ಗೊತ್ತಾದದ್ದು.

ಆರು ತಿಂಗಳ ಮಾತ್ರೆ. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಹೆದರಿ ಮಗನನ್ನು ಎಬ್ಬಿಸಿದ್ದರಂತೆ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ. ಮೂರನೇ ವಾರಕ್ಕೆ ಬನಿಯನ್ ಒಣಗಿಯೇ ಇರತೊಡಗಿತು. ಎರಡು ತಿಂಗಳ ರಿಪೋರ್ಟಿನಲ್ಲಿ ಅಲ್ಬುಮಿನ್ 3.7. ಆರು ಮೊಟ್ಟೆಯ ಬಿಳಿ ಅಷ್ಟರಲ್ಲಿ ದಿನಕ್ಕೆ ಎರಡು ಇಡೀ ಮೊಟ್ಟೆಗೆ ಬಂದಿತ್ತು, ಹಳದಿ ಸಮೇತ.